ತಳದ ವಾಲ್ವಿಗೆ ದೊಡ್ಡತ್ತೆಯ ಚೀಟಿ

ನೆಂಟರಿಷ್ಟರನ್ನು ಹಗಲಿರುಳು ನೆನಪಿನಲ್ಲಿಟ್ಟುಕೊಳ್ಳುವುದು ಅಪರಾಧವೇ? ಚೀಟಿಯಪ್ಪನವರು ಕೇಳಿದ್ದು ಇದೊಂದೇ ಪ್ರಶ್ನೆ. ಕೇಳಿದ್ದಕ್ಕೆ ಸಿಕ್ಕಿದ್ದೇನು? ದೊಡ್ಡತ್ತೆ ಮುಖದ ಮೇಲೆ ಬಾಗಿಲು ಹಾಕಿದರು, ಚಿಕ್ಕಪ್ಪ ಬೀದಿಯಲ್ಲಿ ನಿಂತು ಕೂಗಾಡಿದರು, ಅತ್ತಿಗೆ ಕುಡಿಯಲು ಕೊಟ್ಟ ನೀರಿನ ಲೋಟವನ್ನು ಅರ್ಧದಲ್ಲೇ ಕಿತ್ತುಕೊಂಡರು. ಇಂಥ ಕಾಲದಲ್ಲಿ ಒಬ್ಬ ಮನುಷ್ಯ ಪ್ರಾಮಾಣಿಕವಾಗಿ ಕೆಲಸ ಮಾಡುವುದಾದರೂ ಹೇಗೆ, ನೀವೇ ಹೇಳಿ.

ಚೀಟಿಯಪ್ಪನವರು ಒಂದು ಸಣ್ಣ ಬಿಯರ್ ಕಾರ್ಖಾನೆಯ ಸ್ಟೋರ್ ಕೀಪರ್. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಸ್ಟೂಲು. ಬಿಯರ್ ಹೇಗೆ ಮಾಡುತ್ತಾರೆ ಎಂದು ಕೇಳಿದರೆ ಅವರು ತಲೆ ಕೆರೆದುಕೊಳ್ಳುತ್ತಿದ್ದರು. ಮೂರನೇ ಕಪಾಟಿನ ಎರಡನೇ ಖಾನೆಯಲ್ಲಿ ಏನಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಕಂಡದ್ದಕ್ಕೆಲ್ಲ ಚೀಟಿ ಕಟ್ಟುವ ಚಟದಿಂದ ಆ ಹೆಸರು ಬಂದಿತ್ತು. ಮನೆಯಲ್ಲಿ ಸಕ್ಕರೆ ಡಬ್ಬಿಗೆ ‘ಸಕ್ಕರೆ’, ಫ್ಯಾನಿನ ಸ್ವಿಚ್ಚಿಗೆ ‘ಫ್ಯಾನು’, ಚೀಟಿ ಇಡುವ ಡಬ್ಬಿಗೆ ‘ಚೀಟಿ’. ಅವರ ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು, ಕೌಂಟರಿನಲ್ಲೂ ಕೂರುವವರು. ದಿನವಿಡೀ ಕಚೇರಿಯಲ್ಲಿ ವಿಳಾಸ ಓದಿ ಮನೆಗೆ ಬಂದರೆ ಇಲ್ಲೂ ಗೋಡೆಯಿಂದ ಗೋಡೆಗೆ ಓದಬೇಕು. ಆಕೆ ಅದನ್ನು ಸಹಿಸಿಕೊಂಡಿದ್ದರು ಎಂದರೆ ಆಕೆಯ ಸ್ವಭಾವ ಎಂಥದ್ದು ಎಂದು ಊಹಿಸಿಕೊಳ್ಳಿ.

ಈಗ ಆದದ್ದೇನೆಂದರೆ, ಕಾರ್ಖಾನೆಯನ್ನು ದೊಡ್ಡದು ಮಾಡಬೇಕೆಂದು ಮಾಲೀಕರು ತೀರ್ಮಾನಿಸಿದರು. ಮಾಲೀಕರು ಅಂದರೆ ಮೇಡಂ; ಎಲ್ಲರೂ ಕರೆಯುವುದೇ ಹಾಗೆ. ಹಳೇ ನೆಲ ಅಗೆದು, ಗೋಡೆ ಕೆಡವಿ, ಒಂದು ತಿಂಗಳಲ್ಲಿ ಹೊಸ ಶೆಡ್ಡು. ಆ ಒಂದು ತಿಂಗಳು ತಾಮ್ರದ ದೊಡ್ಡ ಹಂಡೆ, ಟ್ಯಾಂಕುಗಳು, ಹನ್ನೆರಡು ವಾಲ್ವು, ಹದಿನೆಂಟು ಪೈಪು ಎಲ್ಲವನ್ನೂ ಕಳಚಿ ಬೇರೆ ಎಲ್ಲಾದರೂ ಜೋಪಾನವಾಗಿ ಇಡಬೇಕು. ಹೇಳಲು ಸುಲಭ. ಆ ಹನ್ನೆರಡು ವಾಲ್ವುಗಳು ನೋಡಲು ಒಂದೇ ತಾಯಿಯ ಮಕ್ಕಳ ಹಾಗೆ, ಒಂದು ಕೂರುವ ಜಾಗದಲ್ಲಿ ಇನ್ನೊಂದು ಕೂತರೆ ಸೋರುತ್ತದೆ. ಪೈಪುಗಳು ಒಂದಕ್ಕಿಂತ ಒಂದು ಬೆರಳಗಲ ಉದ್ದ.

“ಹೊಸ ಶೆಡ್ಡಿಗೆ ಹೊಸ ಸ್ಟೋರು, ಈಗಿನದಕ್ಕಿಂತ ಎರಡರಷ್ಟು,” ಎಂದರು ಮೇಡಂ. “ಅದನ್ನ ಹೊರಗಿನ ಕಂಪನಿಗೆ ವಹಿಸೋಣ ಅಂತಿದ್ದೀನಿ. ಅವರ ಹತ್ರ ಕಂಪ್ಯೂಟರ್ ಇದೆ. ಗೆರೆ ಗೆರೆ ಸ್ಟಿಕ್ಕರ್ ಅಂಟಿಸಿ ಟಿಕ್ ಅನ್ನಿಸಿದ್ರೆ ಎಲ್ಲ ಬರುತ್ತಂತೆ.”

ಚೀಟಿಯಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದ ಚೀಟಿ ಎಲ್ಲಿ, ಟಿಕ್ ಎಲ್ಲಿ!

“ಮೇಡಂ, ನನಗೊಂದು ಅವಕಾಶ ಕೊಡಿ. ಕಳಚೋದೂ ನಾನೇ, ಇಡೋದೂ ನಾನೇ, ವಾಪಸ್ ಕೊಡೋದೂ ನಾನೇ. ಒಂದು ವಾಷರ್ ಹೆಚ್ಚುಕಮ್ಮಿಯಾದರೂ ನಾನೇ ಮನೆಗೆ ಹೋಗ್ತೀನಿ.”

“ಆಯ್ತು,” ಎಂದರು ಮೇಡಂ. “ಹೊಸ ಶೆಡ್ಡಲ್ಲಿ ಎಲ್ಲ ಸರಿಯಾಗಿ ಜೋಡಣೆಯಾದ್ರೆ ಸ್ಟೋರು ನಿಮ್ಮದು. ಇಲ್ಲದಿದ್ರೆ ಕಂಪ್ಯೂಟರ್.”

ಅಲ್ಲಿಂದ ಚೀಟಿಯಪ್ಪನವರು ನೇರವಾಗಿ ಹೋದದ್ದು ದೊಡ್ಡತ್ತೆಯ ಮನೆಗೆ. ದೊಡ್ಡತ್ತೆ ಅವರ ತಂದೆಯ ಅಕ್ಕ. ಮೂವತ್ತು ವರ್ಷ ಹೊಲಿಗೆ ಶಾಲೆ ನಡೆಸಿದವರು. ಶಾಲೆ ಮುಚ್ಚಿದರೂ ಮನೆಯ ಪಕ್ಕದ ಉದ್ದನೆಯ ಕೋಣೆ ಹಾಗೇ ಇತ್ತು: ಸಿಮೆಂಟು ನೆಲ, ಸೋರದ ಸೂರು, ಬಟ್ಟೆ ಕತ್ತರಿಸುವ ಉದ್ದುದ್ದ ಮೇಜು, ಇಲಿಯ ಸುಳಿವಿಲ್ಲ. ದೊಡ್ಡತ್ತೆ ಇರುವ ಕಡೆ ಇಲಿ ಇರುವ ಧೈರ್ಯ ಮಾಡುತ್ತಿರಲಿಲ್ಲ.

“ಇಡ್ಕೋ. ಆದ್ರೆ ಕೇಳಿಸ್ಕೋ, ನೆಲದ ಮೇಲೆ ಒಂದು ಎಣ್ಣೆ ಕಲೆ ಬಿದ್ರೆ ನಿನ್ನ ಅಂಗಿ ಬಿಚ್ಚಿಸಿ ಒರೆಸ್ತೀನಿ,” ಎಂದರು ದೊಡ್ಡತ್ತೆ. ಅವರ ಪ್ರೀತಿಯ ರೀತಿಯೇ ಅದು.

ಚೀಟಿಯಪ್ಪನವರ ಕೆಲಸದಲ್ಲಿ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ, ಅದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸಬೇಕು. ಟ್ಯಾಂಕುಗಳನ್ನು ಮೂರು ಸಲ ತೊಳೆಸಿದರು, ಒಳಗೆ ಕೈ ಹಾಕಿ ಒಣಗಿದೆಯೇ ಎಂದು ಸವರಿ ನೋಡಿದರು. ಮುಚ್ಚಿಟ್ಟರೆ ಒಳಗೆ ಬೂಷ್ಟು ಹಿಡಿಯುತ್ತದೆ ಎಂದು ಮುಚ್ಚಳಗಳನ್ನೆಲ್ಲ ತೆರೆದಿಟ್ಟು ಮೇಲೆ ತೆಳು ಬಟ್ಟೆ ಹೊದಿಸಿದರು. ರಬ್ಬರ್ ವಾಷರುಗಳಿಗೆ ಪೌಡರ್ ಹಚ್ಚಿ ಕತ್ತಲೆ ಡಬ್ಬಿಯಲ್ಲಿ ಮಲಗಿಸಿದರು. ಪೈಪಿನ ಬಾಯಿಗೆಲ್ಲ ಬಟ್ಟೆ ಕಟ್ಟಿದರು. ಬಿಯರ್ ಬೇಯಿಸುವ ಮೇಸ್ತ್ರಿ ಯಾರನ್ನೂ ಹೊಗಳದ ಆಸಾಮಿ. ಆತನೂ ಬಂದು ನೋಡಿ “ಹೂಂ” ಅಂದಿದ್ದ.

ಉಳಿದದ್ದು ಚೀಟಿ. ಇಲ್ಲೇ ನೋಡಿ ಎಡವಟ್ಟಾದದ್ದು.

ಚೀಟಿಯಪ್ಪನವರಿಗೆ ಅಂಕಿಗಳ ಮೇಲೆ ನಂಬಿಕೆಯಿರಲಿಲ್ಲ. ಹಿಂದೊಮ್ಮೆ ಆರು ಎಂದು ಬರೆದ ಚೀಟಿ ತಲೆಕೆಳಗಾಗಿ ನೇತಾಡಿ ಒಂಬತ್ತಾಗಿ, ಮೇಸ್ತ್ರಿ ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಅಂಕಿ ಮೋಸ ಮಾಡುತ್ತದೆ, ನೆಂಟರು ತಲೆಕೆಳಗಾದರೂ ನೆಂಟರೇ. ಹಾಗಾಗಿ ಅಂದಿನಿಂದ ಪ್ರತಿಯೊಂದು ಭಾಗಕ್ಕೂ ಒಬ್ಬೊಬ್ಬ ಬಂಧುವಿನ ಹೆಸರು. ಸುಮ್ಮನೆ ಕೈಗೆ ಬಂದ ಹಾಗೆ ಅಲ್ಲ, ಸ್ವಭಾವ ನೋಡಿ, ತೂಗಿ ಇಟ್ಟ ಹೆಸರು. ಜೊತೆಗೆ ಜೋಪಾನದ ಸೂಚನೆ ಎರಡು ಸಾಲು. ಮೂವತ್ತು ಭಾಗ, ಮೂವತ್ತು ಬಂಧುಗಳು. ಅದೇ ಮೂವತ್ತೂ ರಿಜಿಸ್ಟರಿನಲ್ಲೂ ಇತ್ತು: ಯಾರು, ಎಲ್ಲಿ ಕೂರಬೇಕು. ಇದರಲ್ಲಿ ಕುಚೋದ್ಯ ಒಂದು ಚೂರೂ ಇರಲಿಲ್ಲ. ಅವರ ದೃಷ್ಟಿಯಲ್ಲಿ ಅದೊಂದು ಗೌರವ.

ಕಳಚಿಟ್ಟ ಸಾಮಾನನ್ನು ಅಬಕಾರಿ ಇನ್ಸ್‌ಪೆಕ್ಟರ್ ಬಂದು ಎಣಿಸಿ ಸಹಿ ಹಾಕಬೇಕಿತ್ತು. ಬರುವ ಬುಧವಾರ ಬರುತ್ತೇನೆ ಎಂದು ಪತ್ರ ಬಂತು. ಪತ್ರ ಓದಿದ್ದೇ ಚೀಟಿಯಪ್ಪನವರ ಎದೆ ಎರಡಂಗುಲ ಮುಂದೆ ಬಂತು. ಸರ್ಕಾರವೇ ಬಂದು ತಮ್ಮ ಚೀಟಿ ಓದುವಾಗ ನೋಡುವವರು ಬೇಡವೇ? ಚಿಕ್ಕಪ್ಪನಿಗೆ ಹೇಳಿದರು. ಅಣ್ಣನ ಹೆಂಡತಿ ಅತ್ತಿಗೆಗೆ ಹೇಳಿದರು. ಹೆಂಡತಿಯ ತಂಗಿ ನಾದಿನಿಗೂ ಆಕೆಯ ಗಂಡ ಷಡ್ಡಕನಿಗೂ ಹೇಳಿದರು. “ಹತ್ತು ಗಂಟೆಗೆ ಬನ್ನಿ, ಇಪ್ಪತ್ತೆರಡು ವರ್ಷ ನಾನೇನು ಮಾಡಿದೆ ಅಂತ ಗೊತ್ತಾಗುತ್ತೆ,” ಎಂದರು. ಗೊತ್ತಾಯಿತು.

ಇನ್ಸ್‌ಪೆಕ್ಟರ್ ತೆಳ್ಳಗಿನ, ಗಂಭೀರ ಮನುಷ್ಯ. ಕಾನೂನಿನ ಪ್ರಕಾರ ಪ್ರತಿ ಭಾಗದ ವಿವರವನ್ನು ಗಟ್ಟಿಯಾಗಿ ಓದಬೇಕು, ಸ್ಟೋರ್ ಕೀಪರ್ “ಇದೆ” ಎನ್ನಬೇಕು. ಆತ ಕನ್ನಡಕ ಏರಿಸಿಕೊಂಡು ಮೊದಲನೆಯ ಚೀಟಿ ಎತ್ತಿಕೊಂಡ. ದೊಡ್ಡತ್ತೆ ಆಗಷ್ಟೇ ತಟ್ಟೆಯಲ್ಲಿ ಕಾಫಿ ಲೋಟಗಳನ್ನು ಹಿಡಿದು ಬಂದಿದ್ದರು.

“ದೊಡ್ಡತ್ತೆ,” ಎಂದು ಓದಿದ ಇನ್ಸ್‌ಪೆಕ್ಟರ್. “ಹಂಡೆಯ ತಳದ ವಾಲ್ವ್. ಎಷ್ಟು ತಿರುಗಿಸಿದರೂ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಬಲವಂತ ಮಾಡಿ ಪ್ರಯೋಜನವಿಲ್ಲ.”

“ಇದೆ!” ಎಂದರು ಚೀಟಿಯಪ್ಪನವರು, ಸೈನಿಕನ ಹಾಗೆ ನಿಂತು.

ಕಾಫಿ ತಟ್ಟೆ ಟಣ್ಣೆಂದು ಮೇಜಿನ ಮೇಲೆ ಕೂತಿತು. ಇನ್ಸ್‌ಪೆಕ್ಟರಿಗೆ ಅದ್ಯಾವುದರ ಪರಿವೆಯೂ ಇಲ್ಲ.

“ಚಿಕ್ಕಪ್ಪ. ಉಗಿ ಬಿಡುವ ವಾಲ್ವ್. ಕಾರಣವಿಲ್ಲದೆ ಬುಸ್ ಎನ್ನುತ್ತದೆ. ಗಮನ ಕೊಡಬೇಕಾಗಿಲ್ಲ.”

“ಇದೆ!”

“ಏನಿದೆಯೋ? ಏನಿದೆ?” ಎಂದು ಚಿಕ್ಕಪ್ಪ ಕುರ್ಚಿಯಿಂದ ಎದ್ದರು.

“ಸುಮ್ಮನಿರಿ, ಸರ್ಕಾರಿ ಕೆಲಸ ನಡೀತಿದೆ,” ಎಂದ ಇನ್ಸ್‌ಪೆಕ್ಟರ್. “ಅತ್ತಿಗೆ. ಬಿಸಿನೀರಿನ ವಾಲ್ವ್. ಬೇಗ ಕಾಯುತ್ತದೆ. ತಣ್ಣಗಾಗಲು ಎರಡು ದಿನ ಬೇಕು.”

“ಎರಡು ದಿನಾನಾ?” ಎಂದರು ಅತ್ತಿಗೆ. “ಈ ಸಲ ಎರಡು ವರ್ಷ ಆದ್ರೂ ತಣ್ಣಗಾಗಲ್ಲ ನಾನು, ಬರೆದಿಟ್ಕೋ!”

“ಷಡ್ಡಕ. ಬಾಗಿದ ಪೈಪು. ಯಾವ ಕಡೆ ಬೇಕಾದರೂ ತಿರುಗುತ್ತದೆ. ಭಾರ ಹೊರಿಸಬಾರದು.”

ಷಡ್ಡಕ ಬಾಯಿ ತೆರೆದವನು ತೆರೆದೇ ನಿಂತ. ಪಕ್ಕದಲ್ಲಿದ್ದ ಅವನ ಹೆಂಡತಿ “ಸರಿಯಾಗೇ ಬರೆದಿದ್ದಾರಲ್ರೀ,” ಎಂದಳು. ಮುಂದಿನ ಚೀಟಿ ಆಕೆಯದೇ ಆಗಿತ್ತು.

“ನಾದಿನಿ. ಗಾಜಿನ ಕೊಳವೆ. ಹತ್ತಿಯಲ್ಲಿ ಸುತ್ತಿ, ಯಾರೂ ಮುಟ್ಟದ ಜಾಗದಲ್ಲಿ ಇಡಬೇಕು.”

“ಎಷ್ಟು ಚೆನ್ನಾಗಿ ಬರೆದಿದ್ದೀರಿ ಭಾವ!” ಎಂದಳು ನಾದಿನಿ.

ಆ ಒಂದು ಮಾತು ಬಂದಿರದಿದ್ದರೆ ವಿಷಯ ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ಒಬ್ಬಳಿಗೆ ಹತ್ತಿ, ಉಳಿದವರಿಗೆ ಎಣ್ಣೆ ಬಟ್ಟೆ ಎಂದು ತಿಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಎಲ್ಲರೂ ಮೇಜುಗಳ ನಡುವೆ ನುಗ್ಗಿ ತಮ್ಮ ತಮ್ಮ ಭಾಗ ಹುಡುಕಿದರು, ತಿರುಗಿಸಿ ನೋಡಿದರು, ಇನ್ನೊಬ್ಬರದರ ಪಕ್ಕ ಹಿಡಿದು ಹೋಲಿಸಿದರು. “ನನ್ನದಕ್ಕೆ ಗೀರು ಬಿದ್ದಿದೆ!” “ನನ್ನದಕ್ಕೆ ಹಿಡಿಯೇ ಸೊಟ್ಟ!” “ಊರು ಬಿಟ್ಟು ಹೋದ ಸೋದರಮಾವನಿಗೆ ಹೊಳೆಯೋ ವಾಲ್ವು, ಕಣ್ಣೆದುರಿಗಿರೋ ನನಗೆ ಮಸಿ ಹಿಡಿದದ್ದು!” ಇನ್ಸ್‌ಪೆಕ್ಟರ್ ಮೂವತ್ತನ್ನೂ ಓದಿ ಮುಗಿಸಿ, ‘ಎಲ್ಲ ಬಂಧುಗಳೂ ಸುಸ್ಥಿತಿಯಲ್ಲಿ ಇದ್ದಾರೆ’ ಎಂದು ವರದಿ ಬರೆದು ಸಹಿ ಹಾಕಿ ಹೋದ.

“ದೊಡ್ಡತ್ತೆ, ತಳದ ವಾಲ್ವು ಅಂದ್ರೆ ಕೀಳು ಅಂತಲ್ಲ. ಅದಿಲ್ಲದಿದ್ರೆ ಹಂಡೆಯಿಂದ ಒಂದು ಹನಿ ಈಚೆ ಬರಲ್ಲ,” ಎಂದು ಚೀಟಿಯಪ್ಪನವರು ವಿವರಿಸಲು ಹೋದರು.

“ಬಾಯಿ ಮುಚ್ಚಲ್ಲ ಅಂತ ಬರೆದಿದ್ದೀಯಲ್ಲ?”

“ಅದು ನಿಜವಾಗ್ಲೂ ಮುಚ್ಚಲ್ಲ ದೊಡ್ಡತ್ತೆ...”

“ಯಾವುದು? ವಾಲ್ವೋ, ನಾನೋ?”

ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲ ಗಂಡಸು ಇನ್ನೂ ಹುಟ್ಟಿಲ್ಲ. ಚೀಟಿಯಪ್ಪನವರು “ಎರಡೂ...” ಎಂದು ಶುರು ಮಾಡಿದರು. ಮುಂದಿನ ಕ್ಷಣ ಅವರು ಬೀದಿಯಲ್ಲಿದ್ದರು, ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

ಅಲ್ಲಿಂದ ಮೂರು ವಾರ ಚೀಟಿಯಪ್ಪನವರು ಸ್ವಂತ ಸಾಮಾನನ್ನು ಕಿಟಕಿಯ ಸರಳಿನಾಚೆಯಿಂದ ನೋಡಬೇಕಾಯಿತು. ದಿನಾ ಸಂಜೆ ಬಂದು ಸರಳು ಹಿಡಿದು ನಿಂತು “ಟ್ಯಾಂಕಿನ ಮುಚ್ಚಳ ತೆಗೆದೇ ಇದೆಯಾ ದೊಡ್ಡತ್ತೆ?” ಎಂದು ಕೂಗುತ್ತಿದ್ದರು.

“ಬಾಯಿ ತೆಗೆದೇ ಇದೆ, ನೀನು ಬರೆದ ಹಾಗೆ!” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಎದುರು ಮನೆಯ ಗಡಿಯಾರ ರಿಪೇರಿಯವನು ತನ್ನ ಭೂತಗನ್ನಡಿ ಕೆಳಗಿಟ್ಟು ಇದನ್ನು ದಿನವೂ ಕೇಳುತ್ತಿದ್ದ. “ಸಾಮಾನು ಇಡೋಕೆ ಜಾಗ ಕೊಟ್ಟವರ ಮೇಲೇ ಬರೆದ್ರಂತೆ?” ಎಂದು ಒಂದು ದಿನ ಕೇಳಿಯೂ ಬಿಟ್ಟ. ಹೋಗಿ ಬರುವವರೆಲ್ಲ ಹಾಗೇ ಕೇಳಿದರೆ ಮನುಷ್ಯನಿಗೆ ರೋಷ ಬರುವುದಿಲ್ಲವೇ? “ಬರೆದದ್ದು ವಾಲ್ವಿನ ಮೇಲೆ ಕಣ್ರೀ! ವಾಲ್ವಿನ ಮೇಲೆ!” ಎಂದು ಚೀಟಿಯಪ್ಪನವರು ಕಿರುಚಿದರು. ಚಿಕ್ಕಪ್ಪ ತಮ್ಮ ಮನೆಯ ಮುಂದೆ ನಿಂತು “ಬುಸ್ ಅನ್ನುತ್ತಂತೆ! ಬುಸ್ ಅಂದ್ರೆ ಏನು ಅಂತ ತೋರಿಸ್ತೀನಿ!” ಎಂದು ಮೂರು ಬೀದಿಗೆ ಕೇಳುವ ಹಾಗೆ ತೋರಿಸಿಯೇ ತೋರಿಸಿದರು.

ಆ ಮೂರು ವಾರ ಒಳಗೆ ನಡೆದದ್ದು ಚೀಟಿಯಪ್ಪನವರಿಗೆ ಗೊತ್ತಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ. ಮರುದಿನವೇ ದೊಡ್ಡತ್ತೆ ಹಳೇ ಚೀಟಿಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದರು. ಬಿಳಿ ಬಟ್ಟೆಯ ಮೂವತ್ತು ತುಂಡು ಮಾಡಿ, ಅಂಚು ಮಡಿಸಿ ಹೊಲಿದು, ನೀಲಿ ದಾರದಲ್ಲಿ ಒಂದೊಂದರ ಮೇಲೂ ಹೆಸರಿನ ಕಸೂತಿ ಹಾಕಿದರು. ಹೆಸರು ಮಾತ್ರ, ಸೂಚನೆ ಇಲ್ಲ. ಆಮೇಲೆ ಎಲ್ಲರೂ ಬಂದು ತಮಗೆ ಒಪ್ಪುವ ಜಾಗ ಆರಿಸಿಕೊಂಡರು. ದೊಡ್ಡತ್ತೆ ತಳದಿಂದ ಎದ್ದು ತಾಮ್ರದ ಹಂಡೆಯನ್ನೇ ಏರಿದರು. ಚಿಕ್ಕಪ್ಪ ತಮ್ಮದು ತಂಪು ಸ್ವಭಾವ ಎಂದು ತಣ್ಣೀರಿನ ವಾಲ್ವು ಹಿಡಿದರು. ಅತ್ತಿಗೆ ಸೋದರಮಾವನನ್ನು ಎಬ್ಬಿಸಿ ಆ ಹೊಳೆಯುವ ವಾಲ್ವಿಗೆ ತಮ್ಮ ಹೆಸರು ಕಟ್ಟಿದರು. ಷಡ್ಡಕ ಇದ್ದುದರಲ್ಲೇ ನೇರವಾದ ಪೈಪನ್ನು ಹುಡುಕಿ ತೆಗೆದುಕೊಂಡ. ನಾದಿನಿ ಕದಲಲಿಲ್ಲ. ಹಾಜರಿಲ್ಲದ ನೆಂಟರಿಗೆ ಮಿಕ್ಕದ್ದು ಸಿಕ್ಕಿತು. ಎಲ್ಲರಿಗೂ ಸಮಾಧಾನವಾಯಿತು, ಯಂತ್ರಕ್ಕೆ ಏನಾಗುತ್ತದೆ ಎಂದು ಒಬ್ಬರೂ ಯೋಚಿಸಲಿಲ್ಲ. ಯಂತ್ರ ನೆಂಟನಲ್ಲವಲ್ಲ.

ತಿಂಗಳು ತುಂಬಿ ಲಾರಿ ಬಂದಾಗ ದೊಡ್ಡತ್ತೆ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿಸಿ ಬಾಗಿಲಲ್ಲಿ ಸಿದ್ಧವಾಗಿ ಇಟ್ಟಿದ್ದರು. “ತಗೊಂಡು ಹೋಗಪ್ಪಾ, ನಿನ್ನ ಸಾಮಾನು ಧೂಳು ಸಹಾ ಕಂಡಿಲ್ಲ,” ಎಂದು ಮೃದುವಾಗಿ ಹೇಳಿದರು. ದೊಡ್ಡತ್ತೆ ಮೃದುವಾಗಿ ಮಾತಾಡಿದರೆ ಏನೋ ಇದೆ ಎಂದು ಮನೆಯ ಬೆಕ್ಕಿಗೂ ಗೊತ್ತು. ಚೀಟಿಯಪ್ಪನವರು ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು, ಕೈ ಮುಗಿದು, ಲಾರಿ ಹತ್ತಿದರು. ಹೊಸ ಶೆಡ್ಡಿನಲ್ಲಿ ಗೋಣಿ ಬಿಚ್ಚಿ ಬಟ್ಟೆಯ ಚೀಟಿ ನೋಡಿದಾಗಲೂ “ಅತ್ತೆಯ ಮನಸ್ಸು ಕರಗಿದೆ, ಎಷ್ಟು ಅಂದವಾಗಿ ಹೊಲಿದುಕೊಟ್ಟಿದ್ದಾರೆ” ಎಂದುಕೊಂಡರೇ ಹೊರತು ಇನ್ನೇನೂ ಹೊಳೆಯಲಿಲ್ಲ. ಹಂಡೆಯ ಮೇಲಿನ ‘ದೊಡ್ಡತ್ತೆ’ಯನ್ನು ನೋಡಿ, ಇದು ಕೆಳಗಿನಿಂದ ಜಾರಿ ಮೇಲೆ ಬಂದಿರಬೇಕು ಎಂದುಕೊಂಡರು. ಜಾರುವುದು ಯಾವತ್ತೂ ಕೆಳಕ್ಕೇ ಎಂದು ಅವರಿಗೆ ಹೇಳುವವರು ಪಕ್ಕದಲ್ಲಿರಲಿಲ್ಲ.

ರಿಜಿಸ್ಟರ್ ನೋಡಿಕೊಂಡು ಅವರು ಹೆಸರು ಕೂಗಿದರು, ಮೇಸ್ತ್ರಿ ಸ್ಪ್ಯಾನರಿನಲ್ಲಿ ಬಿಗಿದ. ಎರಡು ದಿನದಲ್ಲಿ ಜೋಡಣೆ ಮುಗಿಯಿತು. ಮೂರನೆಯ ದಿನ ಮೇಡಂ ಮತ್ತು ಇನ್ಸ್‌ಪೆಕ್ಟರ್ ಎದುರು ತಣ್ಣೀರು ಬಿಟ್ಟು ಪರೀಕ್ಷೆ.

ಮೇಸ್ತ್ರಿ ಮುಖ್ಯ ನಲ್ಲಿ ತಿರುಗಿಸಿದ. ನೀರು ಹಂಡೆಗೆ ಬರಲಿಲ್ಲ. ಪೈಪಿನೊಳಗೆ ಎಲ್ಲೋ ಗುಳುಗುಳು ಸದ್ದಾಯಿತು, ಆಮೇಲೆ ಮೇಲಿನ ಉಗಿ ವಾಲ್ವಿನಿಂದ ನೆಟ್ಟಗೆ ಚಿಮ್ಮಿ ಇನ್ಸ್‌ಪೆಕ್ಟರ್ ತಲೆಯ ಮೇಲೆ ಬಿತ್ತು. ಆತ ಪಕ್ಕಕ್ಕೆ ಸರಿದ. ಅಲ್ಲಿ ಇನ್ನೊಂದು ವಾಲ್ವು ಕಾದಿತ್ತು. ನೇರ ಪೈಪು ಇರಬಾರದ ಕಡೆ ನೇರ ಪೈಪು ಕೂತಿದ್ದರಿಂದ ಅಲ್ಲಿನ ನೀರು ಮೇಡಂ ಅವರ ಚಪ್ಪಲಿಯನ್ನು ತೇಲಿಸಿಕೊಂಡು ಬಾಗಿಲವರೆಗೂ ಹೋಯಿತು.

“ಏನ್ರೀ ಇದು? ಏನ್ ಇದು?” ಎಂದು ಮೇಸ್ತ್ರಿ ಕೂಗಿದ. “ನೀವು ಚಿಕ್ಕಪ್ಪ ಅಂದ್ರಿ, ಚಿಕ್ಕಪ್ಪನ್ನ ಹಾಕಿದೆ! ಇದ್ಯಾವ ಚಿಕ್ಕಪ್ಪ ರೀ? ಯಾರ ಮನೆ ಚಿಕ್ಕಪ್ಪ?”

ಇನ್ಸ್‌ಪೆಕ್ಟರ್ ಒದ್ದೆ ಕನ್ನಡಕವನ್ನು ಒದ್ದೆ ಅಂಗಿಗೆ ಒರೆಸಿಕೊಂಡ. “ನಾಳೆ ಹನ್ನೆರಡು ಗಂಟೆಗೆ ಮತ್ತೆ ಬರ್ತೀನಿ,” ಎಂದ. “ಕೊಡೆ ತರ್ತೀನಿ.”

ಮೇಡಂ ಏನೂ ಬೈಯಲಿಲ್ಲ. “ನಾಳೆ ಹನ್ನೆರಡಕ್ಕೆ ಸರಿಯಾಗದಿದ್ರೆ ಕಂಪ್ಯೂಟರಿನವರಿಗೆ ಫೋನ್ ಮಾಡ್ತೀನಿ,” ಎಂದಷ್ಟೇ ಹೇಳಿ ಬರಿಗಾಲಲ್ಲಿ ಹೋದರು.

ಚೀಟಿಯಪ್ಪನವರು ಮನೆಗೆ ಬಂದು ಚೀಟಿ ಡಬ್ಬಿಯ ಮುಂದೆ ಕುಸಿದು ಕೂತರು. ಇಪ್ಪತ್ತೆರಡು ವರ್ಷ! ಹೆಂಡತಿ ಒಂದು ಬಟ್ಟೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದು ದೊಡ್ಡತ್ತೆ ಹೊಲಿಗೆ. ಎಲ್ಲರೂ ಸೇರಿ ಜಾಗ ಬದಲಾಯಿಸ್ಕೊಂಡಿದ್ದಾರೆ.”

“ಅಯ್ಯೋ! ಬದಲಾಯಿಸ್ಕೊಂಡ್ರಾ? ಇವರನ್ನೆಲ್ಲ ನನ್ನವರು ಅಂತ ತಿಳಿದು ಹೆಸರಿಟ್ನಲ್ಲ, ನನಗೇ ಹೀಗೆ ಮಾಡಿದ್ರಲ್ಲ! ಹನ್ನೆರಡು ವಾಲ್ವು, ಹದಿನೆಂಟು ಪೈಪು. ಯಾವುದು ಯಾರು ಅಂತ ಈಗ ದೇವರಿಗೂ ಗೊತ್ತಿಲ್ಲ.”

“ಅವರಿಗೆ ಗೊತ್ತಿರುತ್ತೆ ಬಿಡಿ. ನಮ್ಮ ಕಚೇರೀಲಿ ದಿನಾ ನೋಡ್ತೀನಿ. ಕಳಿಸಿದವನು ಮರೀತಾನೆ, ತನಗೆ ಬರಬೇಕಾದ್ದು ಬರಲಿಲ್ಲ ಅನ್ನೋನು ತಾರೀಖು ಸಮೇತ ನೆನಪಿಟ್ಕೊಂಡು ಬರ್ತಾನೆ. ಅವರನ್ನೇ ಕರೆಸಿ.”

“ಸಹಾಯ ಮಾಡಿ ಅಂದ್ರೆ ಬರ್ತಾರಾ?”

“ಸಹಾಯಕ್ಕೆ ಯಾರು ಕರೀತಾರೆ? ನಿಮ್ಮ ಮೇಲೆ ದೂರು ಕೊಡೋಕೆ ಕರೀತೀನಿ.”

ಆಕೆ ಮೊದಲು ಮೇಡಂ ಅವರನ್ನು ಒಪ್ಪಿಸಿದರು. ಆಮೇಲೆ, ಮೇಡಂ ಖುದ್ದಾಗಿ ದೂರು ಕೇಳುತ್ತಾರಂತೆ, ಹತ್ತು ಗಂಟೆಗೆ ಬರಬೇಕಂತೆ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಮರುದಿನ ಒಂಬತ್ತೂಕಾಲಿಗೇ ಎಲ್ಲರೂ ಹೊಸ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ದೊಡ್ಡತ್ತೆ ಅಳತೆ ಟೇಪು ಸಮೇತ ಬಂದಿದ್ದರು. ಮೇಸ್ತ್ರಿ ರಾತ್ರಿಯೇ ಎಲ್ಲವನ್ನೂ ಮತ್ತೆ ಕಳಚಿ ನೆಲದ ಮೇಲೆ ಸಾಲಾಗಿ ಹರಡಿದ್ದ.

“ಹೇಳಿ,” ಎಂದು ಮೇಡಂ ಕುರ್ಚಿಯಲ್ಲಿ ಕೂತರು. “ನಿಮಗೆ ಯಾವ ಜಾಗ ಕೊಟ್ಟಿದ್ರು ಅಂತ ಸರಿಯಾಗಿ ತೋರಿಸಿ.”

ದೊಡ್ಡತ್ತೆ ಸಾಲಿನ ಉದ್ದಕ್ಕೂ ನಡೆದು, ಏಳನೆಯ ವಾಲ್ವಿನ ಮುಂದೆ ನಿಂತು ಬೆರಳು ಚಾಚಿದರು. “ಇದು! ಇದೇ ಅದು! ಕುತ್ತಿಗೆ ಹತ್ರ ಗೀರಿದೆ ನೋಡಿ, ಮುಕ್ಕಾಲು ಅಂಗುಲ. ಮೂವತ್ತು ವರ್ಷ ಪಾಠ ಹೇಳಿದ ನನ್ನನ್ನ ಇದಕ್ಕೆ ಕಟ್ಟಿ ಹಂಡೆ ಕೆಳಗೆ ಕೂರಿಸಿದ್ದ!”

ಚೀಟಿಯಪ್ಪನವರು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮೇಸ್ತ್ರಿ ಎತ್ತಿಕೊಂಡು ಹೋಗಿ ಹಂಡೆಯ ತಳಕ್ಕೆ ಬಿಗಿದ. ಕಟಕ್ಕನೆ ಕೂತಿತು.

“ನನ್ನದಿದು!” ಎಂದು ಚಿಕ್ಕಪ್ಪ ಇನ್ನೊಂದನ್ನು ಎತ್ತಿ ಹಿಡಿದರು. “ಹಿಡಿ ಎಡಕ್ಕೆ ಸೊಟ್ಟ. ಹನ್ನೊಂದನೇ ತಾರೀಖು, ಬುಧವಾರ, ಹತ್ತೂ ಇಪ್ಪತ್ತಕ್ಕೆ ಓದಿದ್ರು. ಸಾಯೋವರೆಗೂ ಮರೆಯಲ್ಲ!”

“ಮರೀಬೇಡಿ ಚಿಕ್ಕಪ್ಪ, ಮರೀಲೇಬೇಡಿ,” ಎಂದು ಚೀಟಿಯಪ್ಪನವರು ಗದ್ಗದಿತರಾಗಿ ಗುರುತು ಹಾಕಿದರು.

“ಮಸಿ ಹಿಡಿದದ್ದು ನನ್ನದು,” ಎಂದರು ಅತ್ತಿಗೆ. “ಇದರ ಪಕ್ಕದ್ದು ಸೋದರಮಾವಂದು, ಹೊಳೀತಿದೆ ನೋಡಿ. ಅದರ ಪಕ್ಕ ಅವರ ದೊಡ್ಡ ಸೊಸೆ, ಅವಳಿಗೂ ನನಗಿಂತ ಒಳ್ಳೇದು!”

ಹೀಗೆ ಒಬ್ಬರಿಗಿಂತ ಒಬ್ಬರಿಗೆ ಒಳ್ಳೆಯದು ಸಿಕ್ಕಿತ್ತು ಎಂದು ಹೇಳುವ ಭರದಲ್ಲಿ ಬಾರದ ನೆಂಟರ ಜಾಗಗಳೂ ಒಂದೊಂದಾಗಿ ಹೊರಬಿದ್ದವು. ಪೈಪುಗಳ ಉದ್ದ ದೊಡ್ಡತ್ತೆಯ ಟೇಪಿನಲ್ಲಿ ತೀರ್ಮಾನವಾಯಿತು. ಷಡ್ಡಕ ಮಾತ್ರ ನೇರ ಪೈಪೇ ತನ್ನದು ಎಂದು ಕೊನೆಯವರೆಗೂ ವಾದಿಸಿದ. ಅವನ ಹೆಂಡತಿ ಬಾಗಿದ ಪೈಪನ್ನು ತಂದು ಅವನ ಕೈಗಿಟ್ಟಾಗ ಅದಕ್ಕೂ ಸರಿ ಎಂದ. ಹನ್ನೊಂದೂ ಮುಕ್ಕಾಲಿಗೆ ದೂರುಗಳೆಲ್ಲ ಮುಗಿದವು. ನೆಲದ ಮೇಲೆ ಒಂದು ಭಾಗವೂ ಉಳಿದಿರಲಿಲ್ಲ.

ಇನ್ಸ್‌ಪೆಕ್ಟರ್ ಕೊಡೆ ಬಿಡಿಸಿಕೊಂಡು ನಿಂತ. ಮೇಸ್ತ್ರಿ ನಲ್ಲಿ ತಿರುಗಿಸಿದ. ನೀರು ಹೋಗಬೇಕಾದ ದಾರಿಯಲ್ಲಿ ಹೋಗಿ, ಏರಬೇಕಾದ ಕಡೆ ಏರಿ, ಹಂಡೆಗೆ ಬಿದ್ದು, ತಳದ ವಾಲ್ವಿನಿಂದ ಸಲೀಸಾಗಿ ಹೊರಬಂತು. ತಟಕ್ ಎಂದು ಒಂದು ಹನಿ ಸೋರಿತು, ಅದೂ ದೊಡ್ಡತ್ತೆಯ ವಾಲ್ವಿನಿಂದ. ಆ ಕಡೆ ಯಾರೂ ನೋಡಲಿಲ್ಲ, ನೋಡಿದವರು ಹೇಳಲಿಲ್ಲ.

“ಹೂಂ,” ಎಂದ ಮೇಸ್ತ್ರಿ.

ಮೇಡಂ ಎದ್ದು ಹೊಸ ಸ್ಟೋರಿನ ಬೀಗದ ಕೈಯನ್ನು ಚೀಟಿಯಪ್ಪನವರ ಅಂಗೈಯಲ್ಲಿಟ್ಟರು. ನೆಂಟರು ತಾವು ದೂರು ಕೊಡಲು ಬಂದವರು ಎಂಬುದನ್ನು ಮರೆತು ಚಪ್ಪಾಳೆ ತಟ್ಟಿದರು. ಆಗ ಇಷ್ಟು ಹೊತ್ತು ಗೋಡೆಗೆ ಒರಗಿ ರಿಜಿಸ್ಟರ್ ಓದುತ್ತಿದ್ದ ಹೆಂಡತಿ ತಲೆ ಎತ್ತಿದರು.

“ರೀ, ಮೂವತ್ತನ್ನೂ ಓದಿದೆ. ನಾನೆಲ್ಲಿ?”

ಚಪ್ಪಾಳೆ ನಿಂತಿತು.

“ಅಂದ್ರೆ... ನೀನು...” ಎಂದರು ಚೀಟಿಯಪ್ಪನವರು.

“ಸೋದರಮಾವನ ದೊಡ್ಡ ಸೊಸೆ ಇದ್ದಾಳೆ. ಅವಳನ್ನ ನೀವು ನೋಡಿರೋದೇ ಎರಡು ಸಲ. ನಿಮ್ಮ ಅಣ್ಣನ ಬೀಗರು ಇದ್ದಾರೆ. ನಾನಿಲ್ಲ.”

“ಅವಳಿಗೆ ಒಂದು ನಟ್ಟೂ ಕೊಟ್ಟಿಲ್ವೇನೋ?” ಎಂದರು ದೊಡ್ಡತ್ತೆ, ಕಂಗಾಲಾಗಿ.

“ಛೀ ಛೀ, ನಮಗಾದ್ರೂ ಒಂದು ಜಾಗ ಅಂತ ಇತ್ತು,” ಎಂದರು ಚಿಕ್ಕಪ್ಪ. ಆ ಹತ್ತಿಯ ಚೀಟಿ ಓದಿದ ದಿನದಿಂದ ಒಬ್ಬರ ಮುಖ ಒಬ್ಬರು ನೋಡದ ಅತ್ತಿಗೆ, ನಾದಿನಿ ಇಬ್ಬರೂ ಆಕೆಯ ಅಕ್ಕಪಕ್ಕ ಬಂದು ನಿಂತರು. ಇನ್ಸ್‌ಪೆಕ್ಟರ್ ಕೊಡೆ ಮಡಿಸುವುದನ್ನು ಮರೆತ.

ಚೀಟಿಯಪ್ಪನವರಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

“ಚೀಟಿ ಕಟ್ಟೋದು ಕಳಚಿ ಇಡೋ ಸಾಮಾನಿಗೆ ಮಾತ್ರ ಕಣೇ,” ಎಂದರು. “ಕಳಚಿದ್ರೆ ತಾನೇ ಎಲ್ಲಿ ಕೂರಿಸಬೇಕು ಅಂತ ಮರೆತುಹೋಗೋದು? ನಿನ್ನನ್ನ ನಾನು ಯಾವತ್ತೂ ಕಳಚಿ ಇಟ್ಟಿಲ್ಲ.”

ನಾದಿನಿ “ಅಯ್ಯೋ ಭಾವ” ಎಂದು ಕಣ್ಣೊರೆಸಿಕೊಂಡಳು. ದೊಡ್ಡತ್ತೆ ಕೂಡ ಅಳತೆ ಟೇಪನ್ನು ಸುಮ್ಮನೆ ಸುತ್ತಿಕೊಂಡರು. ಇಡೀ ಜೀವಮಾನದಲ್ಲಿ ಚೀಟಿಯಪ್ಪನವರು ಆಡಿದ ಅತ್ಯುತ್ತಮ ಮಾತು ಅದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಹೆಂಡತಿ ರಿಜಿಸ್ಟರ್ ಮುಚ್ಚಿದರು. ಇಪ್ಪತ್ತೆರಡು ವರ್ಷ ಫ್ಯಾನಿನ ಸ್ವಿಚ್ಚಿನ ಮೇಲೆ ‘ಫ್ಯಾನು’ ಎಂದು ಓದಿದ ಹೆಂಗಸು.

“ಅಂದ್ರೆ ನಾನು ಅಲ್ಲಾಡದ ಸಾಮಾನು. ಗೋಡೆ,” ಎಂದರು.

“ಗೋಡೆ ಅಂತ ನಾನೆಲ್ಲಿ ಅಂದೆ?”

“ಗೋಡೆ ಅಂದನಾ ಅವಳನ್ನ?” ಎಂದು ಹಿಂದೆ ನಿಂತಿದ್ದ ಚಿಕ್ಕಪ್ಪ ಬುಸ್ ಎಂದರು.

ಆಕೆ ಮುಂದೆ ಬಂದು, ಗಂಡನ ಅಂಗೈಯಲ್ಲಿದ್ದ ಹೊಸ ಸ್ಟೋರಿನ ಬೀಗದ ಕೈಯನ್ನು ಎತ್ತಿಕೊಂಡು, ತಮ್ಮ ಕೈಚೀಲಕ್ಕೆ ಹಾಕಿ ಜಿಪ್ ಎಳೆದರು. “ಇದು ನನ್ನ ಹತ್ರ ಇರಲಿ. ಬೇಕಾದಾಗ ಕೇಳಿ, ಕೊಡ್ತೀನಿ. ನಾನು ಎಲ್ಲಿರ್ತೀನಿ ಅಂತ ನಿಮಗೆ ಮರೆಯೋದೇ ಇಲ್ವಲ್ಲ.” ಅದನ್ನು ನೋಡಿದ ಮೇಡಂ ಅವರ ಮುಖದಲ್ಲಿ ಒಂದು ಸಣ್ಣ ನಗೆ ಇತ್ತು ಎಂದು ಮೇಸ್ತ್ರಿ ಆಮೇಲೆ ಹೇಳಿದ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಹೊಸ ಸ್ಟೋರಿನ ಮುಖ್ಯಸ್ಥರು ಬೀಗದ ಕೈ ಕೇಳಲು ಅಂಚೆ ಕಚೇರಿಯ ಕೌಂಟರಿನ ಮುಂದೆ ನಿಂತಿದ್ದರು. ಅವರ ಮುಂದೆ ಇನ್ನೂ ಆರು ಜನರಿದ್ದರು. “ಸರದಿಯಲ್ಲಿ ಬನ್ನಿ,” ಎಂದರು ಕೌಂಟರಿನ ಒಳಗಿನಿಂದ ಅವರ ಹೆಂಡತಿ, ತಲೆ ಎತ್ತದೆ.